ಕೃಷಿ ಯಂತ್ರ ಪ್ರಶ್ನೋತ್ತರ: ಕಾಲು ಗಂಟೆಗೆ ನಿಂತುಹೋಗುವ ವೀಡ್ ಕಟರ್

ಪ್ರಶ್ನೆ: ಅಡಿಕೆ ತೋಟಕ್ಕೆ 43 ಸಿಸಿಯ ಟೂ ಸ್ಟ್ರೋಕ್ ವೀಡ್ ಕಟರ್ ಬಳಸುತ್ತಿದ್ದೇವೆ. ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಕಾಲು ಗಂಟೆ ಹುಲ್ಲು ಹೊಡೆಯುವಷ್ಟರಲ್ಲಿ ನಿಂತುಬಿಡುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಹೊಸ ಪ್ಲಗ್ ಹಾಕಿ, ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ನೋಡಿದ್ದಾಯಿತು, ಗುಣವಿಲ್ಲ.
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ದಯವಿಟ್ಟು ಇನ್ನು ಆ ಸ್ಕ್ರೂ ಮುಟ್ಟಬೇಡಿ. ಪೆಟ್ರೋಲ್ ಕಡಿಮೆಯಾಗುವಂತೆ ತಿರುಗಿಸಿದರೆ ಅದರೊಡನೆ ಬರುವ ಆಯಿಲೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮೊದಲು ಇಂಜಿನ್ ಹೇಗೆ ನಿಲ್ಲುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಿ. ಏರಿಳಿದು, ಕುಗ್ಗುತ್ತಾ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತರೆ ಕರೆಂಟಿನ ದೋಷ.

ಕುಗ್ಗಿ ನಿಲ್ಲುವುದಾದರೆ ಟ್ಯಾಂಕಿನ ಮುಚ್ಚಳದ ಮೇಲೆ ಮೊದಲ ಅನುಮಾನ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಹೋಗಲು ಹೆಚ್ಚಿನ ಯಂತ್ರಗಳ ಮುಚ್ಚಳದಲ್ಲಿ ಸಣ್ಣ ರಂಧ್ರ, ಅದರೊಳಗೆ ಪುಟ್ಟ ರಬ್ಬರ್ ವಾಲ್ವ್ ಇರುತ್ತದೆ. ಹುಲ್ಲಿನ ಪುಡಿ, ಆಯಿಲ್, ಧೂಳು ಸೇರಿ ಅದು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಮೇಲೇರುವುದಿಲ್ಲ. ಇಂಜಿನ್ ನಿಂತ ಮೇಲೆ ಯಂತ್ರವನ್ನು ಸಮತಟ್ಟಾಗಿ ಇಟ್ಟು ಮುಚ್ಚಳ ನಿಧಾನಕ್ಕೆ ಸಡಿಲಿಸಿ. ಸುಸ್ಸೆಂದು ಗಾಳಿ ಎಳೆದುಕೊಂಡು, ಮುಚ್ಚಿ ಎಳೆದ ಕೂಡಲೇ ಸ್ಟಾರ್ಟ್ ಆದರೆ ರೋಗ ಸಿಕ್ಕಿತು. ಮುಚ್ಚಳವನ್ನು ಪೆಟ್ರೋಲಿನಲ್ಲಿ ತೊಳೆದು ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ, ಸರಿಹೋಗದಿದ್ದರೆ ಹೊಸದು ಹಾಕಿ. ಸೂಜಿಯಿಂದ ಚುಚ್ಚಿ ರಂಧ್ರ ದೊಡ್ಡದು ಮಾಡಬೇಡಿ. ವಾಲ್ವ್ ಹರಿದರೆ ಯಂತ್ರ ಓರೆಯಾದಾಗ ಪೆಟ್ರೋಲ್ ಕಾದ ಸೈಲೆನ್ಸರ್ ಮೇಲೆ ಸುರಿಯುತ್ತದೆ.

ಮುಚ್ಚಳ ಸರಿಯಿದ್ದರೆ ಬಾಗಿಸಿದ ತಂತಿಯಿಂದ ಟ್ಯಾಂಕಿನೊಳಗಿನ ಫಿಲ್ಟರ್ ಎಳೆದು ನೋಡಿ. ಕಪ್ಪಾಗಿದ್ದರೆ ತೊಳೆಯುತ್ತಾ ಕೂರಬೇಡಿ, ಬದಲಿಸಿ. ಪೆಟ್ರೋಲ್ ಪೈಪ್ ಟ್ಯಾಂಕನ್ನು ಹೊಕ್ಕುವ ಜಾಗದಲ್ಲಿ ಗಟ್ಟಿಯಾಗಿ ಬಿರುಕು ಬಿಡುವುದುಂಟು. ಅಲ್ಲಿಂದ ಗಾಳಿ ಎಳೆದುಕೊಂಡರೂ ಇದೇ ಲಕ್ಷಣ.

ಒಮ್ಮೆಲೇ ನಿಲ್ಲುವುದಾದರೆ ಹ್ಯಾಂಡಲಿನ ಆಫ್ ಸ್ವಿಚ್ಚಿಗೆ ಹೋಗುವ ಸಣ್ಣ ವೈರನ್ನು ಬೆರಳಾಡಿಸಿ ನೋಡಿ. ಆಕ್ಸಿಲರೇಟರ್ ಕೇಬಲ್ ಜೊತೆಗೇ ಅದು ಬರುತ್ತದೆ. ಕ್ಲಾಂಪಿನ ಅಡಿ ಉಜ್ಜಿ ಸಿಪ್ಪೆ ಸುಲಿದಿದ್ದರೆ, ಹ್ಯಾಂಡಲ್ ಅದುರಿದಾಗ ಒಳಗಿನ ತಾಮ್ರದ ತಂತಿ ಹ್ಯಾಂಡಲಿನ ಲೋಹದ ಪೈಪಿಗೆ ತಾಗಿ ಇಂಜಿನ್ ಆಫ್ ಆಗುತ್ತದೆ. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲಿನ ಕಡೆ ಈ ವೈರ್ ಕಳಚಿ, ಬ್ಲೇಡ್ ಬಿಚ್ಚಿಟ್ಟು, ಸ್ವಲ್ಪ ಹೊತ್ತು ಓಡಿಸಿ ನೋಡಬಹುದು. ಆಗ ಸ್ವಿಚ್ ಕೆಲಸ ಮಾಡುವುದಿಲ್ಲ, ಚೋಕ್ ಮುಚ್ಚಿ ನಿಲ್ಲಿಸಬೇಕು.

ವೈರ್ ಸರಿಯಿದ್ದೂ ನಿಂತರೆ ಕಾಯಿಲ್ ಪರೀಕ್ಷೆಯಾಗಬೇಕು. ಬಿಸಿಯಿದ್ದಾಗ ಕಿಡಿ ಇಲ್ಲ, ಅರ್ಧ ಗಂಟೆ ಆರಿದ ಮೇಲೆ ಇದೆ ಎಂದರೆ ಕಾಯಿಲ್ ಹೋಗಿದೆ. ಕಿಡಿ ನೋಡುವಾಗ ಪೆಟ್ರೋಲ್ ಹತ್ತಿರ ಇರಕೂಡದು; ಸ್ಪಾರ್ಕ್ ಟೆಸ್ಟರ್ ಇದ್ದರೆ ಒಳ್ಳೆಯದು. ಹೊಸ ಕಾಯಿಲಿಗೂ ಅದರ ಪಕ್ಕ ತಿರುಗುವ ಫ್ಲೈವೀಲ್ ಚಕ್ರಕ್ಕೂ ನಡುವೆ ಸಾಮಾನ್ಯವಾಗಿ 0.3 ಮಿ.ಮೀ. ಅಂತರ ಬೇಕು. ವಿಸಿಟಿಂಗ್ ಕಾರ್ಡ್ ಇಟ್ಟು ಸ್ಕ್ರೂ ಬಿಗಿದರೆ ಸಾಕು. ಪ್ಲಗ್ಗಿನ ಅಂತರ 0.6ರಿಂದ 0.7 ಮಿ.ಮೀ.

ಶಕ್ತಿ ಕುಂದುವುದೂ ಜೊತೆಗಿದ್ದರೆ ಸೈಲೆನ್ಸರಿನ ಜಾಲರಿಯಲ್ಲಿ ಮಸಿ ಕಟ್ಟಿರಬಹುದು. ತೆಗೆದು ತಂತಿ ಬ್ರಷ್ಷಿನಿಂದ ಉಜ್ಜಿ.

ಪ್ರಶ್ನೆ: ಕಳೆದ ಸಲ ಆಯಿಲ್ ಮಿಶ್ರ ಮಾಡಿಟ್ಟ ಪೆಟ್ರೋಲ್ ಉಳಿದಿದೆ, ಮಳೆಗಾಲದ ನಂತರ ಬಳಸಬಹುದೇ?
– ಓದುಗರು, ಸುಳ್ಯ

ಉತ್ತರ: ಬೇಡ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರಿನ ಪಸೆ ಹೀರಿಕೊಂಡು, ಮಿತಿಮೀರಿದಾಗ ನೀರಿನೊಡನೆ ಬೇರ್ಪಟ್ಟು ತಳ ಸೇರುತ್ತದೆ. ಟ್ಯಾಂಕಿನ ಫಿಲ್ಟರ್ ಎಳೆಯುವುದು ಆ ತಳದಿಂದಲೇ. ಒಂದು ತಿಂಗಳಲ್ಲಿ ಮುಗಿಯುವಷ್ಟನ್ನೇ ಮಿಶ್ರ ಮಾಡಿ. ಕೈಪಿಡಿಯಲ್ಲಿ ಪೆಟ್ರೋಲ್–ಆಯಿಲ್ ಪ್ರಮಾಣ 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 50:1 ಎಂದಿದ್ದರೆ 20 ಮಿ.ಲೀ. 2ಟಿ (ಟೂ ಸ್ಟ್ರೋಕ್) ಆಯಿಲ್. ಇಂಜಿನ್ನಿಗೆ ಒಳ್ಳೆಯದೆಂದು ಹೆಚ್ಚು ಸುರಿದರೆ ಮಸಿ ಕಟ್ಟುವುದೇ ಲಾಭ. ಯಂತ್ರವನ್ನು ಮೂಲೆಗಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಉಳಿದು ಒಣಗಿದರೆ ಅಂಟು ಕಟ್ಟುತ್ತದೆ, ಅದರೊಳಗಿನ ತೆಳು ಪೊರೆ (ಡಯಾಫ್ರಾಮ್) ಗಟ್ಟಿಯಾಗುತ್ತದೆ.