ಮೀನಿನ ಹೊಟ್ಟೆ ಬಿಡಿಸಿ ನೋಡಿ, ಮತ್ತೆ ಬರೀರಿ

ಕುಂಬಳೆಯಿಂದ ನೀವು ಕಳಿಸಿದ ‘ಕಡಲ ಮೀನುಗಳ ಆಹಾರ’ ಲೇಖನ ಪೂರ್ತಿ ಓದಿದೆ. ಈಗ ಇದ್ದ ಹಾಗೆ ಹಾಕ್ಲಿಕ್ಕೆ ಆಗೂದಿಲ್ಲ, ಆದ್ರೆ ಇದನ್ನು ಬಿಡ್ಬೇಡಿ, ನಮ್ಮ ಕಾಸರಗೋಡಲ್ಲಿ ದಿನಾ ಮೀನು ತಿನ್ನುವವರಿಗೂ ಆ ಮೀನು ಎಂತ ತಿಂದು ಬೆಳೆದದ್ದು ಅಂತ ಗೊತ್ತಿರೂದಿಲ್ಲ, ಕನ್ನಡದಲ್ಲಿ ಇದು ಬರ್ಲೇಬೇಕು.

‘ದೊಡ್ಡ ಮೀನು ಸಣ್ಣದನ್ನು ತಿನ್ನುತ್ತದೆ’ ಅಂತ ಒಂದೇ ವಾಕ್ಯದಲ್ಲಿ ಇಡೀ ಕಡಲು ಮುಗಿಸಿಬಿಟ್ಟಿದ್ದೀರಿ. ಅಂಜಲ್ ಮೀನಿಗೆ ಅದು ಸರಿ, ಬೂತಾಯಿ, ಕೊಲ್ಲತರುವಿನಂಥ ಸಣ್ಣ ಮೀನು ಅದರ ಊಟ. ಪಟ್ಟಿಯ ಹಾಗೆ ಉದ್ದ ಇರುವ ಪಾಂಬೋಲ್ ಮೀನಂತೂ ತನ್ನ ಜಾತಿಯ ಮರಿಯನ್ನೂ ಬಿಡೂದಿಲ್ಲ. ಆದ್ರೆ ಬೂತಾಯಿ? ತಾಜಾ ಬೂತಾಯಿಯ ಕಿವಿರಿನ ಮುಚ್ಚಳ ಎತ್ತಿ ನೋಡಿ, ಒಳಗೆ ಸಪೂರ ಎಳೆಗಳು ಬಾಚಣಿಗೆ ಹಲ್ಲಿನ ಹಾಗೆ ಒತ್ತೊತ್ತಾಗಿ ಉಂಟು, ನೀರು ಹೊರಗೆ ಹೋಗಿ ಕಣ್ಣಿಗೆ ಕಾಣದ ಡಯಾಟಮ್ (ಒಂದೇ ಕೋಶದ ಪಾಚಿ), ಸಣ್ಣ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸಣ್ಣ ಸಣ್ಣ ಸಸ್ಯ, ಪ್ರಾಣಿ) ಎಲ್ಲ ಒಳಗೇ ಉಳೀತದೆ. ಕರುಳು ಬಿಡಿಸಿದ್ರೆ ಸುತ್ತು ಸುತ್ತಾಗಿ ಉದ್ದ ಬರ್ತದೆ, ಒಳಗೆ ಕಂದು-ಹಸಿರು ಲೋಳೆ. ಅಂಜಲಿನ ಕರುಳು ಗಿಡ್ಡ. ಬಂಗುಡೆ ಪ್ಲಾಂಕ್ಟನ್‌ನಲ್ಲಿ ಸಸ್ಯವೂ ತಿಂತದೆ, ಕೊಪೆಪಾಡ್‌ನಂಥ ಸಣ್ಣ ಪ್ರಾಣಿಯೂ ತಿಂತದೆ. ನಂಗ್ ಕೆಸರಲ್ಲಿ ಮಲಗಿ ಹುಳ ಹೆಕ್ಕುವ ಮೀನು.

ಮಳೆಗಾಲದ ಮಾತೇ ಇಲ್ಲ ನಿಮ್ಮ ಲೇಖನದಲ್ಲಿ, ನನಗೆ ಅದೇ ಬೇಜಾರು. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಗಾಳಿಯ ಹೊಡೆತಕ್ಕೆ ಅಡಿಯ ತಣ್ಣನೆ ನೀರು ಪೋಷಕಾಂಶ ಹೊತ್ಕೊಂಡು ಮೇಲೆ ಬರ್ತದೆ, ಡಯಾಟಮ್ ಹೆಚ್ತದೆ, ಅದನ್ನು ತಿಂದೇ ಬೂತಾಯಿಗೆ ನೆಣ ಕಟ್ಟೂದು. ಫ್ರಾಜಿಲೇರಿಯಾ ಓಶಿಯಾನಿಕಾ ಅನ್ನುವ ಡಯಾಟಮ್ಮಿಗೂ ಬೂತಾಯಿ ಜಾಸ್ತಿ ಸಿಗೂದಕ್ಕೂ ಸಂಬಂಧ ಉಂಟು ಅಂತ ನಾಯರ್ ಮತ್ತು ಸುಬ್ರಹ್ಮಣ್ಯನ್ ಅನ್ನುವ ವಿಜ್ಞಾನಿಗಳು 1955ರಲ್ಲೇ ಬರ್ದಿದ್ದಾರೆ. ಇದನ್ನು ಬಿಟ್ಟು ‘ನೀಲ ಸಾಗರದ ಮಡಿಲು’ ಅಂತ ಎರಡು ಪ್ಯಾರಾ ಯಾಕೆ? ಆ ಎರಡನ್ನೂ ತೆಗೀರಿ.

ಇನ್ನೊಂದು, ಹೊಟ್ಟೆ ಖಾಲಿ ಕಂಡ್ರೆ ಮೀನು ಉಪವಾಸ ಇತ್ತು ಅಂತ ಬರೀಬೇಡಿ, ಬಲೆಯಲ್ಲಿ ಒದ್ದಾಡುವಾಗ ಎಷ್ಟೋ ಮೀನು ತಿಂದದ್ದನ್ನು ಕಕ್ಕಿಬಿಡ್ತದೆ. ಗಾಳದ ಮೀನಾದ್ರೆ ಹೊಟ್ಟೆಯಲ್ಲಿ ಸಿಕ್ಕಿದ್ದು ಗಾಳಕ್ಕೆ ಹಾಕಿದ ಎರೆಯೇ ಇರ್ಬಹುದು, ಅದನ್ನು ಲೆಕ್ಕದಿಂದ ಬಿಡಿ.

ಬೆಳಿಗ್ಗೆ ಮಾರ್ಕೆಟಿಗೆ ಹೋಗಿ, ಮೀನು ಕೊಯ್ದು ಕೊಡುವ ಅಕ್ಕಂದಿರ ಹತ್ರ ನಿಂತು ಮಾತಾಡಿ, ಯಾವ ಮೀನಿನ ಹೊಟ್ಟೆಯಲ್ಲಿ ಎಂತ ಸಿಗ್ತದೆ ಅಂತ ಅವರು ದಿನಾ ನೋಡ್ತಾರೆ. ಇಪ್ಪತ್ತು ಮೀನಿನ ಲಿಸ್ಟ್ ಬೇಡ, ನಾಲ್ಕು ಸಾಕು, ಬರ್ದು ನನಗೇ ಕಳ್ಸಿ.