ಸಂಪಾದಕರ ಉತ್ತರ: ಉಳಿದ ಬನ್ನು ಯಾರ ಪಾಲಿಗೆ?

ಬದಿಯಡ್ಕದ ಅಧ್ಯಾಪಿಕೆಯೊಬ್ಬರು ಬರೆದಿದ್ದಾರೆ: "ನಮ್ಮ ಪೇಟೆಯ ಒಂದು ಅಂಗಡಿಯಲ್ಲಿ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಬ್ರೆಡ್ಡು, ಬನ್ನು, ಹಾಲು ಎಲ್ಲ ತೊಟ್ಟಿಗೆ ಹೋಗುತ್ತದೆ. ಹತ್ತಿರದ ವೃದ್ಧಾಶ್ರಮಕ್ಕೆ ಕೊಡಿ ಎಂದೆ. ಯಾರಿಗಾದ್ರೂ ಹೊಟ್ಟೆ ಕೆಟ್ಟರೆ ಕೇಸು ನಮ್ಮ ಮೇಲೆ ಎಂದರು. ಫ್ರಾನ್ಸಿನಲ್ಲಿ ಇದಕ್ಕೆ ಕಾನೂನೇ ಇದೆಯಂತೆ. ನಮ್ಮಲ್ಲಿ ಯಾಕಿಲ್ಲ?"

ಟೀಚರ್, ಫ್ರಾನ್ಸಿನ ವಿಷಯ ನಿಜ. 2016ರ ಕಾನೂನು ಅದು. 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಯಾವುದಾದರೂ ಸೇವಾ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಎಷ್ಟು ಕೊಡಬೇಕು ಎಂದು ಮಾತ್ರ ಅದರಲ್ಲಿಲ್ಲ. ಇನ್ನು 400 ಚದರ ಮೀಟರ್ ಎಂದರೆ ಸುಮಾರು 4,300 ಚದರ ಅಡಿ. ಕುಂಬಳೆ, ಮುಳ್ಳೇರಿಯದ ಸಣ್ಣ ಬೇಕರಿಗಳಿಗೆ ಅದು ತಾಗುವುದೇ ಇಲ್ಲ ಬಿಡಿ. ನಮ್ಮಲ್ಲೂ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 2019ರ ನಿಯಮ ಇದೆ. ಕೊಡಲೇಬೇಕು ಎನ್ನುವುದಿಲ್ಲ, ಕೊಡುವುದಾದರೆ ಹೇಗೆ ಎನ್ನುತ್ತದೆ. ಎಕ್ಸ್‌ಪೈರಿ ದಾಟಿದ್ದನ್ನು ಹಂಚುವ ಹಾಗಿಲ್ಲ.

ಅಂಗಡಿಯವರ ಹೆದರಿಕೆಯನ್ನು ನಾನು ನೆಪ ಎನ್ನಲಾರೆ. 2022ರ ಮೇಯಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿ ತೀರಿಕೊಂಡದ್ದನ್ನು ಯಾರು ಮರೆತಾರು?

ಹಿಂದೊಮ್ಮೆ ಗೆಳೆಯರ ಜೊತೆ ನಾನೂ ಹೀಗೆ ಬೇಕರಿ ಸುತ್ತಿದವನು. ಒಂದು ಮಳೆಗಾಲದ ರಾತ್ರಿ ಒಬ್ಬರು ಚೀಲ ತುಂಬ ಬನ್ನು ಕೊಟ್ಟರು. ನಮಗೆ ಖುಷಿಯೋ ಖುಷಿ. ಬೆಳಗ್ಗೆ ಆಶ್ರಮದ ಅಡುಗೆಯಮ್ಮ ಒಂದು ಪ್ಯಾಕೆಟ್ ಎತ್ತಿ ಬೆಳಕಿಗೆ ಹಿಡಿದರು. ಮೇಲೆಲ್ಲ ಚೆಂದ. ತಿರುಗಿಸಿದರೆ ಲೇಬಲ್ಲಿನ ಅಡಿಯಲ್ಲಿ ಎಂಟಾಣೆಯಷ್ಟಗಲ ಹಸಿರು ಬೂಷ್ಟು. "ಇದನ್ನು ನಿಮ್ಮ ಮನೆಗೆ ಕೊಂಡುಹೋಗ್ತೀರಾ?" ಎಂದರು. ಬೈದದ್ದಲ್ಲ, ಸುಮ್ನೆ ಕೇಳಿದ್ದು. ನನಗೆ ಬಾಯಿ ಬರಲಿಲ್ಲ. ಅರ್ಧ ಚೀಲ ಗೊಬ್ಬರದ ಹೊಂಡಕ್ಕೆ ಹೋಯಿತು, ಅದನ್ನು ಹೊತ್ತು ಹಾಕುವ ಕೆಲಸವೂ ಆ ಅಮ್ಮನ ಪಾಲಿಗೆ.

ಹಾಗಾಗಿ "ಉಳಿದದ್ದು ಕೊಡಿ" ಎಂದು ಕೇಳಬೇಡಿ. "ಎಕ್ಸ್‌ಪೈರಿಗೆ ಎರಡು ದಿನ ಇರುವಾಗಲೇ ಬೇರೆ ತೆಗೆದಿಡ್ತೀರಾ?" ಎಂದು ಕೇಳಿ. ಬ್ರೆಡ್ಡು, ರಸ್ಕು, ರಟ್ಟು ಹರಿದರೂ ಒಳಗಿನ ಪ್ಯಾಕೆಟ್ ಸರಿಯಿರುವ ಬಿಸ್ಕೆಟು, ಸ್ವಲ್ಪ ಬಾಡಿದ ಬಸಳೆ, ಇವಿಷ್ಟರಿಂದ ಶುರು ಮಾಡಬಹುದು. ಹಾಲು ಸದ್ಯಕ್ಕೆ ಬೇಡ. 5 ಡಿಗ್ರಿಯೊಳಗೆ ಇರಬೇಕಾದ ಮಾಲು ಅದು, ದಾರಿಯಲ್ಲಿ ಯಾರು ನೋಡಿಕೊಳ್ಳುತ್ತಾರೆ? ಹೋಟೆಲಿನ ಅನ್ನವಂತೂ ಬೇಡವೇ ಬೇಡ. ಬೆಂದರೂ ಸಾಯದ ಒಂದು ಜಾತಿ ಬ್ಯಾಕ್ಟೀರಿಯಾ ಅದರಲ್ಲಿರಬಹುದು. ಗಂಟೆಗಟ್ಟಲೆ ಹೊರಗಿಟ್ಟರೆ ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು.

ಒಂದು ಕೇಳಲೇ? ನಿಮ್ಮ ಪತ್ರದಲ್ಲಿ ಆಶ್ರಮದವರ ಮಾತೇ ಇಲ್ಲ. ಸಕ್ಕರೆ ಕಾಯಿಲೆಯವರು ಜಾಸ್ತಿ ಇದ್ದರೆ ಸಿಹಿ ಬನ್ನು ಅವರಿಗೆ ಯಾಕೆ, ಅಲ್ವಾ? ಕುಚ್ಚಲಕ್ಕಿಯೋ ಬೇಳೆಯೋ ಬೇಕಿರಬಹುದು. ಮೊದಲು ಅಲ್ಲಿಗೆ ಹೋಗಿ ಬನ್ನಿ. ಬೆಳಗ್ಗೆ ಹತ್ತರ ನಂತರ ಹೋದರೆ ಒಳ್ಳೆಯದು, ತಿಂಡಿಯ ಪಾತ್ರೆ ತೊಳೆದು ಅಡುಗೆಯವರು ಸ್ವಲ್ಪ ಕೂತಿರುತ್ತಾರೆ.