ಹಳೇ ಕಾರಿಗೆ ಫುಲ್ ಇನ್ಶೂರೆನ್ಸ್ ಬೇಕಾ?

ಪ್ರಶ್ನೆ: ನಮ್ಮ ಕಾರಿಗೆ ಹತ್ತು ವರ್ಷ ಆಯ್ತು. ಪಾಲಿಸಿ ರಿನ್ಯೂ ಮಾಡಿಸಬೇಕು. ಥರ್ಡ್ ಪಾರ್ಟಿ ಒಂದಿದ್ದರೆ ಸಾಕು ಅಂತಾರೆ ಯಜಮಾನರು. ಫುಲ್ ಇನ್ಶೂರೆನ್ಸೇ ಇರಲಿ ಅಂತಾಳೆ ಮಗಳು. ಯಾವುದರಲ್ಲಿ ಏನು ಸಿಗುತ್ತದೆ? ಬಿಡಿಸಿ ಹೇಳಿ.
- ಒಬ್ಬ ಓದುಗರು

ಉತ್ತರ: ನಿಮ್ಮ ಯಜಮಾನರ ಮಾತು ಅರ್ಧ ಸರಿ. ಪೆಟ್ಟು ತಿಂದು ಗ್ಯಾರೇಜಿಗೆ ಬಂದ ಕಾರುಗಳನ್ನು ನೋಡಿ ನಷ್ಟ ಎಷ್ಟು ಅಂತ ಬರೆದುಕೊಡುವ ಸರ್ವೇಯರ್ ಕೆಲಸ ನನ್ನದು. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಥರ್ಡ್ ಪಾರ್ಟಿ ಇರುವುದು ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ. ಗಾಯ, ಸಾವು, ಅವರ ಗಾಡಿ, ಕಾಂಪೌಂಡ್ ಗೋಡೆ ಎಲ್ಲ ಇದರಲ್ಲೇ. ನಿಮ್ಮ ಕಾರಿಗೆ ಮಾತ್ರ ಬಿಡಿಗಾಸೂ ಇಲ್ಲ. ಬ್ರಿಟನ್ನಿನಲ್ಲಿ ಗಾಯ, ಸಾವಿನ ಭಾಗವನ್ನು 1930ರ ಕಾಯ್ದೆಯೇ ಕಡ್ಡಾಯ ಮಾಡಿತು. ಈಗ ಹೆಚ್ಚಿನ ದೇಶಗಳಲ್ಲಿ ಹಾಗೇ ಇದೆ. ಕಾರು ಪೂರ್ತಿ ಹೋದರೂ ನಷ್ಟ ಕಾರಿನ ಬೆಲೆಗೆ ನಿಲ್ಲುತ್ತದೆ. ರಸ್ತೆಯಲ್ಲಿ ಹೋಗುತ್ತಿದ್ದವರ ಬೆನ್ನುಮೂಳೆ ಮುರಿದರೆ ಪರಿಹಾರ ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು. ಆದರೂ ಜನ ನನ್ನನ್ನು ಕೇಳುವುದು ಬಂಪರ್ ಬಗ್ಗೆಯೇ! ಈ ಭಾಗಕ್ಕೆ ನಿಮ್ಮ ಪಾಲಿಸಿಯಲ್ಲಿ ಮಿತಿ ಇದೆಯಾ ನೋಡಿ. ಮಿತಿ ದಾಟಿದ್ದು ನಿಮ್ಮ ತಲೆಗೇ ಬರುತ್ತದೆ.

ಇನ್ನು ನಿಮ್ಮ ಕಾರಿನ ನಷ್ಟ. ಗುದ್ದಿ ಆದದ್ದು ಒಂದು ಬಗೆ. ಬೆಂಕಿ, ಕಳ್ಳತನ, ನೆರೆ, ಮೇಲೆ ಬಿದ್ದ ಮರ ಇನ್ನೊಂದು ಬಗೆ. ಅಮೆರಿಕದಲ್ಲಿ ಇವನ್ನು ಬೇರೆ ಬೇರೆಯಾಗಿ ಕೊಳ್ಳಬಹುದು. ಬಹಳ ಕಡೆ ಥರ್ಡ್ ಪಾರ್ಟಿಯ ಜೊತೆ ಸೇರಿಸಿ ಒಂದೇ ಪಾಲಿಸಿ ಕೊಡುತ್ತಾರೆ. ನಿಮ್ಮ ಮಗಳು ಹೇಳುವ ಫುಲ್ ಇದೇ.

ಫುಲ್ ಅಂದರೂ ಎಲ್ಲ ಬರಲ್ಲ. ನೀರಿನಲ್ಲಿ ಕಾರು ನಿಂತುಹೋಯಿತು ಅಂದುಕೊಳ್ಳಿ. ಸುಮ್ನೆ ಬಿಟ್ಟು ಟೋ ಮಾಡಿಸಿದರೆ ಸೀಟು, ವೈರಿಂಗ್ ಕ್ಲೇಮಿಗೆ ಬರುತ್ತವೆ. ಗಾಬರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡಿದರೆ ಏರ್ ಫಿಲ್ಟರ್ ದಾಟಿ ನೀರು ಸಿಲಿಂಡರಿಗೆ ಹೋಗುತ್ತದೆ. ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ, ಎಂಜಿನ್ನೊಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಿಚ್ಚಿದರೆ ಫಿಲ್ಟರಿನಲ್ಲಿ ಕೆಸರು, ಒಳಗೆ ಸೊಟ್ಟ ರಾಡ್. ನೋಡಿದ ಕೂಡಲೇ ಗೊತ್ತಾಗುತ್ತದೆ. ಎಂಜಿನ್ನಿಗೆ ಅಂತ ಬೇರೆ ಇನ್ಶೂರೆನ್ಸ್ ಕವರ್ ತೆಗೆದುಕೊಳ್ಳದಿದ್ದರೆ ಆ ಖರ್ಚನ್ನು ಕಂಪನಿ ಕೊಡದೇ ಇರಬಹುದು. ಟೈರ್ ಸವೆದದ್ದು, ಕ್ಲಚ್ ಹೋದದ್ದು ಯಾವ ಪಾಲಿಸಿಗೂ ಸೇರಲ್ಲ. ಕುಡಿದು ಓಡಿಸಿದರಂತೂ ಬಹಳ ಕಡೆ ಸ್ವಂತ ಕಾರಿನ ಕ್ಲೇಮ್ ಮರೆತುಬಿಡಬೇಕು.

ಕಾರಿನಲ್ಲಿ ಇರುವವರ ಆಸ್ಪತ್ರೆ ಖರ್ಚು, ಅಪಘಾತ ಪರಿಹಾರ ಬೇರೆ ಕವರ್. ಅದರ ಪ್ರೀಮಿಯಂ ದೊಡ್ಡ ಮೊತ್ತವೇನಲ್ಲ, ಬಿಡಬೇಡಿ.

ಈಗ ನಿಮ್ಮ ಕಾರಿಗೆ ಬರೋಣ. ಟೋಟಲ್ ಲಾಸ್ ಆದರೆ, ಅಂದರೆ ಕಾರು ಪೂರ್ತಿ ಹೋದರೆ, ನೀವು ಕೊಂಡ ಬೆಲೆ ಸಿಗಲ್ಲ, ಹಳೆಯದಾದ ಕಾರಿಗೆ ಇವತ್ತು ಎಷ್ಟೋ ಅಷ್ಟೇ. ಅದರಲ್ಲೂ ಮೊದಲ ಒಂದಿಷ್ಟು ಮೊತ್ತ ನಿಮ್ಮ ಪಾಲಿಗೆ ಇರುತ್ತದೆ, ಅದಕ್ಕೆ ಡಿಡಕ್ಟಿಬಲ್ ಅಂತಾರೆ. ಫುಲ್ ಮತ್ತು ಥರ್ಡ್ ಪಾರ್ಟಿ ಎರಡರ ಪ್ರೀಮಿಯಂ ಬರೆಸಿಕೊಳ್ಳಿ. ವ್ಯತ್ಯಾಸ ಎಷ್ಟು, ಕಾರು ಹೋದರೆ ಕೈಗೆ ಬರುವುದೆಷ್ಟು, ಪಕ್ಕಪಕ್ಕ ಇಟ್ಟು ನೋಡಿ. ಕಾರು ಹೋದರೂ ಕೈಯಿಂದ ಹಾಕಿ ಇನ್ನೊಂದು ಕೊಳ್ಳಬಲ್ಲಿರಾದರೆ ಯಜಮಾನರ ಮಾತೇ ನಡೆಯಲಿ. ಇಲ್ಲವಾದರೆ ಫುಲ್ ತೆಗೆದುಕೊಳ್ಳಿ. ಡಿಡಕ್ಟಿಬಲ್ ಜಾಸ್ತಿ ಒಪ್ಪಿಕೊಂಡರೆ ಪ್ರೀಮಿಯಂ ಸ್ವಲ್ಪ ಇಳಿಯುತ್ತದೆ.

ಮಗಳೂ ಕಾರು ಓಡಿಸ್ತಾಳೆ ಅಲ್ವಾ? ಅವಳ ಹೆಸರು ಪಾಲಿಸಿಯಲ್ಲಿ ಇರಬೇಕಾ ಅಂತಲೂ ಕೇಳಿಕೊಳ್ಳಿ. ಕೆಲವು ದೇಶಗಳಲ್ಲಿ ಹೆಸರಿಲ್ಲದವರು ಓಡಿಸಿದರೆ ಕ್ಲೇಮಿಗೆ ತಕರಾರು ಬರುತ್ತದೆ.